ಮುನ್ನೂರು ಗ್ರಾಂ

ಬಂದವರಿಗೆ ಹೊಟ್ಟೆ ತುಂಬ ತಿನ್ನಿಸುವುದು ನನ್ನ ಕಸುಬು. ಮುಂಬಯಿ ಪಕ್ಕದ ಠಾಣೆ ಊರಿನ ಹಳೆ ನಾಕಾದಲ್ಲಿರುವ ನಮ್ಮ ಇಡ್ಲಿ-ದೋಸೆಯ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತೈದು ವರ್ಷದಿಂದ ಕೂತಿದ್ದೇನೆ. ಅಂಥವನ ಮಗಳು ಒಂದು ಇಡ್ಲಿಯನ್ನು ನಾಲ್ಕು ತುಂಡು ಮಾಡಿ, ಮೂರು ತಿಂದು, ಒಂದನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಳು. ಯಾಕೆ ಎಂದರೆ "ಪಪ್ಪಾ, ವೇಟ್" ಎನ್ನುವಳು, ತೂಕ ಏರಬಾರದಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಗಳು ಬಾಕ್ಸಿಂಗ್ ಆಡುತ್ತಾಳೆ. ನಲವತ್ತೆಂಟು ಕಿಲೋದವರ ವಿಭಾಗ. ಖಾರಘರದ ನಮ್ಮ ಫ್ಲಾಟಿನ ಶೋಕೇಸಿನಲ್ಲಿ ನವಿ ಮುಂಬಯಿ ಚಾಂಪಿಯನ್ ಎಂದು ಬರೆದ ಮೂರು ಕಪ್ಪುಗಳಿವೆ. ವಿಠ್ಠಲವಾಡಿಯಲ್ಲಿ ಇನ್ನೊಬ್ಬಳಿದ್ದಳು, ಕಲ್ಯಾಣದ ಕಡೆಯ ಚಾಂಪಿಯನ್. ಅದೇ ತೂಕ, ಅದೇ ವಯಸ್ಸು. ಇಬ್ಬರಲ್ಲಿ ಯಾರು ಮೇಲು ಎಂದು ಎರಡು ಕಡೆಯವರೂ ಜಗಳವಾಡುತ್ತಿದ್ದರು. ಆದರೆ ಅವರಿಬ್ಬರು ಒಮ್ಮೆಯೂ ಎದುರುಬದುರು ನಿಂತವರಲ್ಲ.

ನಿಲ್ಲಬೇಕು ಎಂದಾಗಲೆಲ್ಲ ಏನಾದರೊಂದು ಆಗುತ್ತಿತ್ತು. ಮೊದಲ ಸಲ ಆ ಹುಡುಗಿಯ ಮಣಿಕಟ್ಟು ಮುರಿಯಿತು. ಕಪ್ಪನ್ನು ನನ್ನ ಮಗಳಿಗೆ ಆಡದೆಯೇ ಕೊಟ್ಟರು. ಅದನ್ನು ಶೋಕೇಸಿನಲ್ಲಿ ಇಡಲು ಅವಳು ಬಿಡಲಿಲ್ಲ. ಈಗಲೂ ಅದರಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳಿವೆ. ಎರಡನೇ ಸಲ ಪಂದ್ಯದ ಹಾಲ್ ಚುನಾವಣೆಯ ಕೆಲಸಕ್ಕೆ ಹೋಯಿತು. ಮೂರನೇ ಸಲ ಡೆಂಗ್ಯೂ ಬಂದು ನನ್ನ ಮಗಳೇ ಮಲಗಿದಳು. ಒಂದು ಕೈಗೆ ಸಲೈನ್, ಇನ್ನೊಂದು ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಆ ಹುಡುಗಿಯ ವಿಡಿಯೋ. ನಮ್ಮೂರ ಕಂಬಳದಲ್ಲಿ ಕೋಣಗಳನ್ನು ತಂದು ನಿಲ್ಲಿಸಿ, ಈಗ ಬಿಡ್ತಾರೆ ಆಗ ಬಿಡ್ತಾರೆ ಎಂದು ಜನರನ್ನು ಕಾಯಿಸುವುದುಂಟು. ಹಾಗೆ ಎರಡು ವರ್ಷ ಹೋಯಿತು. ಊರಿನಿಂದ ಫೋನ್ ಮಾಡಿದವರೆಲ್ಲ "ಮಗಳ ಕುಸ್ತಿ ಆಯ್ತಾ?" ಎಂದು ಕೇಳುವರು. "ಕುಸ್ತಿ ಅಲ್ಲ ಮಾರ್ರೆ, ಬಾಕ್ಸಿಂಗ್. ಆಗ್ಲಿಲ್ಲ" ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ನಾಲ್ಕನೇ ಸಲದ ದಿನ ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ. ನಮ್ಮ ಹೋಟೆಲಿನಿಂದ ಐದು ನಿಮಿಷದ ದಾರಿಯ ಸ್ಪೋರ್ಟ್ಸ್ ಹಾಲ್‌ನಲ್ಲಿ. ಬೆಳಿಗ್ಗೆ ಒಂಬತ್ತರೊಳಗೆ ತೂಕ, ಸಂಜೆ ಪಂದ್ಯ, ಗೆದ್ದವಳಿಗೆ ರಾಜ್ಯದ ತಂಡದಲ್ಲಿ ಜಾಗ. ಇದು ತಪ್ಪಿದರೆ ಇನ್ನಿಲ್ಲ ಎಂದು ಕೋಚ್ ಹೇಳಿದ್ದರು. ಆ ಹುಡುಗಿ ಉದ್ದ ಬೆಳೆಯುತ್ತಿದ್ದಳು, ಮುಂದಿನ ವರ್ಷ ಮೇಲಿನ ತೂಕಕ್ಕೆ ಹೋಗುವವಳು. "ಏಕ್ ಬಾರ್ ಉಸ್ಕೆ ಸಾಥ್ ಖೇಲ್‌ನಾ ಹೈ, ಪಪ್ಪಾ. ಬಸ್," ಎಂದಿದ್ದಳು ಮಗಳು. ಒಂದು ಸಲ ಅವಳ ಜೊತೆ ಆಡಿದರೆ ಸಾಕಂತೆ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಯಾವಾಗಲೂ ಹಿಂದಿಯಲ್ಲೇ.

ಆ ದಿನ ಹೆಂಡತಿ ಮಗಳ ಜೊತೆ ಹಾಲ್‌ಗೆ ಹೋದಳು, ನಾನು ಗಲ್ಲಾದಲ್ಲಿ ಕೂತೆ. ಎಂಟು ಗಂಟೆಯ ಗಿರಾಕಿ ನುಗ್ಗುವ ಹೊತ್ತು. ಹೊರಗೆ ಜೋರು ಮಳೆ. ಒಬ್ಬಳು ಹುಡುಗಿ ಒದ್ದೆ ಜಾಕೆಟ್ ಹಾಕಿಕೊಂಡು ಬಂದು ಮೂಲೆಯ ಟೇಬಲ್ಲಿನಲ್ಲಿ ಕೂತಳು. ಏನೂ ಹೇಳುವುದಿಲ್ಲ, ಏಳುವುದೂ ಇಲ್ಲ. ರಶ್ಶಿನಲ್ಲಿ ಸುಮ್ಮನೆ ಟೇಬಲ್ ಹಿಡಿದು ಕೂರುವವರನ್ನು ಕಂಡರೆ ನನಗಾಗದು. ಏನು ಕೊಡಲಿ ಎಂದು ಕೇಳಲು ನಾನೇ ಎದ್ದು ಹೋದೆ.

"ಕ್ಯಾ ದೂಂ?"

"ಕುಛ್ ನಹೀಂ, ಅಂಕಲ್." ಏನೂ ಬೇಡವೆಂದು ಮುಖ ಎತ್ತಿದಳು. ಎಡ ಹುಬ್ಬಿನ ಮೇಲೆ ಹೊಲಿಗೆಯ ಗುರುತು. ಎರಡು ವರ್ಷ ನಮ್ಮ ಊಟದ ಮೇಜಿನ ಮೇಲೆ, ಮೊಬೈಲಿನಲ್ಲಿ, ನಾನು ದಿನಾ ನೋಡಿದ ಹುಬ್ಬು ಅದು.

ವಿಷಯ ಅವಳೇ ಹೇಳಿದಳು. ತೂಕ ನಲವತ್ತೆಂಟಕ್ಕಿಂತ ಮುನ್ನೂರು ಗ್ರಾಂ ಹೆಚ್ಚಿದೆ, ಹಾಗೇ ಹೋದರೆ ಆಡಲು ಬಿಡುವುದಿಲ್ಲ. ಓಡಿ ಬೆವರಿಳಿಸೋಣ ಎಂದರೆ ಮಳೆಯಲ್ಲಿ ಮೈ ತಣ್ಣಗಾಗಿ ಬೆವರೇ ಬರುತ್ತಿಲ್ಲ. ಒಂಬತ್ತಕ್ಕೆ ತೂಕದ ಕಾಟಾ ಬಂದ್. ಹೇಳುವಾಗ ಅವಳು ಅಳಲಿಲ್ಲ, ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು.

ನಾನು ಸುಳ್ಳು ಹೇಳುವುದಿಲ್ಲ. ಗಲ್ಲಾಕ್ಕೆ ವಾಪಸು ಬಂದು ಕೂತೆ. ಬಾಯಿ ಮುಚ್ಚಿಕೊಂಡು ಒಂದು ಗಂಟೆ ಕೂತರೆ ಸಾಕಿತ್ತು, ಮಗಳು ರಾಜ್ಯದ ತಂಡದಲ್ಲಿ. ಆಸೆ ಆಯಿತು, ಯಾಕಾಗಬಾರದು? ಎರಡು ವರ್ಷ ಅರೆಹೊಟ್ಟೆಯಲ್ಲಿದ್ದವಳು ನನ್ನ ಮಗಳು. ಆಗ ಆ ಕ್ಲಿಪ್ಪಿನ ಕಪ್ಪು ನೆನಪಾಯಿತು. ಇವತ್ತು ಸಿಗುವುದೂ ಅಂಥದ್ದೇ, ಅದರಲ್ಲೂ ಅವಳು ಕ್ಲಿಪ್ಪೇ ತುಂಬುತ್ತಾಳೆ ಎಂದು ಅನ್ನಿಸಿದ್ದೇ ಎದ್ದೆ.

"ಚಲ್, ಅಂದರ್ ಆ," ಎಂದು ಅಡಿಗೆಮನೆಗೆ ಕರೆದೆ. ಇಡ್ಲಿ ಬೇಯಿಸುವ ಎರಡು ಪೆಟ್ಟಿಗೆ ಹಬೆ ಕಾರುತ್ತಿದ್ದವು, ಪಕ್ಕದಲ್ಲಿ ಸಾಂಬಾರಿನ ಹಂಡೆ. ಅಲ್ಲಿ ಹತ್ತು ನಿಮಿಷ ನಿಂತರೆ ನನ್ನ ಬನಿಯನ್ ಹಿಂಡಬಹುದು. ಅವಳಿಗೆ ತಕ್ಷಣ ಅರ್ಥವಾಯಿತು. ಬ್ಯಾಗಿನಿಂದ ಹಗ್ಗ ತೆಗೆದು ಹಾರತೊಡಗಿದಳು. "ಇದೆಂತ ಅಡಿಗೆಮನೆಯಾ, ಗರಡಿಮನೆಯಾ?" ಎಂದು ನಮ್ಮ ಭಟ್ಟರು ಗೊಣಗಿದರು. ಆದರೂ ಪೆಟ್ಟಿಗೆಯ ಮುಚ್ಚಳವನ್ನು ಅವಳ ಕಡೆಗೇ ತೆರೆದಿಟ್ಟರು.

ಎಂಟೂ ಮುಕ್ಕಾಲಿಗೆ ಹೆಂಡತಿಯ ಫೋನು. "ಆ ಹುಡುಗಿ ಪತ್ತೆಯೇ ಇಲ್ಲ. ಬರ್ಲಿಲ್ಲ ಅಂತಾದ್ರೆ ನಮ್ಮವಳೇ ಅಲ್ವಾ?"

"ಬರ್ತಾಳೆ," ಎಂದೆ.

"ನಿಮಗೆ ಹೇಗೆ ಗೊತ್ತು?"

ಫೋನ್ ಇಟ್ಟೆ. ಅಕ್ಕಿಮೂಟೆ ತೂಗುವ ಕಾಟಾದ ಮೇಲೆ ಹುಡುಗಿಯನ್ನು ನಿಲ್ಲಿಸಿದೆವು. ಮುಳ್ಳು ನಲವತ್ತೆಂಟಕ್ಕಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು. ಅವಳು ನನ್ನ ಕಾಲು ಮುಟ್ಟಿ, ನನ್ನ ಛತ್ರಿ ತೆಗೆದುಕೊಂಡು ಓಡಿದಳು.

ಒಂಬತ್ತೂವರೆಗೆ ಮಗಳು, ಹೆಂಡತಿ ಬಂದರು. ತೂಕ ಆದ ಮೇಲೆ ತಿನ್ನಬಹುದಲ್ಲ, ಮಗಳ ಮುಂದೆ ಇಡ್ಲಿ ಇಟ್ಟೆ. ಅವಳು ತುಂಡು ಮಾಡದೆ ತಿನ್ನುವುದನ್ನು ನೋಡುತ್ತ ನಿಂತಿರುವಾಗಲೇ ಆ ಹುಡುಗಿ ಛತ್ರಿ ವಾಪಸು ಕೊಡಲು ಬಂದಳು. ಮಗಳು ಛತ್ರಿ ನೋಡಿದಳು, ನನ್ನನ್ನು ನೋಡಿದಳು. ನಾನು ನಡೆದದ್ದನ್ನು ಹೇಳಿದೆ.

"ನಿಮಗೆ ತಲೆ ಸಮ ಉಂಟಾ?" ಎಂದಳು ಹೆಂಡತಿ.

ಮಗಳು ತನ್ನ ತಟ್ಟೆ ಸರಿಸಿ ಜಾಗ ಮಾಡಿದಳು. ಪಕ್ಕದ ಕುರ್ಚಿ ಎಳೆದು ಆ ಹುಡುಗಿಯನ್ನು ಕೂರಿಸಿದಳು. ನಾಲ್ಕು ಇಡ್ಲಿ ತಿಂದು ಅವಳು ಸಂಕೋಚದಿಂದ ಕೈ ಹಿಂದೆಗೆದಾಗ ಮಗಳು ನನ್ನ ಕಡೆ ತಿರುಗಿದಳು. ಅಂದು ಅವಳ ಬಾಯಿಂದ ಬಂದದ್ದು ಕನ್ನಡ. "ಪಪ್ಪಾ, ಇವಳಿಗೆ ಇನ್ನೂ ಎರಡು ಹಾಕಿ. ಹಸಿದವಳನ್ನು ಹೊಡೆದು ನಂಗೆ ಎಂತ ಸಿಗ್ತದೆ?"

ಸಂಜೆ ಗಂಟೆ ಹೊಡೆಯಿತು. ಮೊದಲ ಪೆಟ್ಟು ಆ ಹುಡುಗಿಯದೇ, ನೇರ ನನ್ನ ಮಗಳ ಕೆನ್ನೆಗೆ. ನಾನು ಬಡಿಸಿದ ಆರು ಇಡ್ಲಿಯೂ ಅದರಲ್ಲಿತ್ತು. ಹೆಂಡತಿ ನನ್ನ ತೋಳು ಚಿವುಟಿದಳು. ಮಗಳು ಒಂದು ಹೆಜ್ಜೆ ಹಿಂದೆ ಸರಿದು, ತಲೆ ಕೊಡವಿ, ಹಲ್ಲಿನಲ್ಲಿ ಕಚ್ಚಿದ್ದ ಗಾರ್ಡ್ ಕಾಣುವಷ್ಟು ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಕೈ ಎತ್ತಿಕೊಂಡು ಮುಂದೆ ಹೋದಳು.