ಚಪ್ಪಾಳೆ ಬಿದ್ದ ಶಿಬಿರ

“ಈ ಪಾಠ ಹೇಳ್ಕೊಟ್ಟ ಊರುಗಳಲ್ಲಿ ಮಕ್ಕಳಿಗೆ ಏಟು ಬೀಳೋದು ನಿಂತದಾ ಸಾ?” ಎಂದು ಕೆಂಪಮ್ಮ ಎದ್ದು ನಿಂತು ಕೇಳಿದಾಗ ವೇದಿಕೆ ಮೇಲಿದ್ದ ನಾವೆಲ್ಲ ಶಿಬಿರ ನಡೆಸುತ್ತಿದ್ದ ಸಾಹೇಬರ ಕಡೆ ತಿರುಗಿದೆವು.

ಎಂಬತ್ತರ ದಶಕದ ಮಾತು. ಫ್ಯಾಕ್ಟರಿಗಳಿದ್ದ ತಾಂಡ್ಯದ ಪಕ್ಕದ ಹಳ್ಳಿಯ ಶಾಲೆಯಲ್ಲಿ, ಮಕ್ಕಳನ್ನು ಬೆಳೆಸುವುದು ಹೇಗೆಂದು ತಾಯಂದಿರಿಗೆ ಶಿಬಿರ. ಅದನ್ನು ನಡೆಸುವ ತಂಡವನ್ನು ಆರಿಸಿದ ಸಮಿತಿಯಲ್ಲಿ ನಂಜನಗೂಡಿನ ಮೇಷ್ಟ್ರಾದ ನಾನೂ ಇದ್ದೆ. ಇನ್ನೊಂದು ತಂಡದವರು ಮನೆಮನೆಗೆ ಬಂದು ಕೂತು ಮಾತಾಡ್ತೀವಿ ಅಂದಿದ್ದರು. ಆದರೆ ಈ ಶಿಬಿರದವರ ಹತ್ತಿರ ಮೈಕೂ ಇತ್ತು, ಪ್ರೊಜೆಕ್ಟರೂ ಇತ್ತು. ಅದಕ್ಕಿಂತ ದೊಡ್ಡ ಯೋಗ್ಯತೆ ಇನ್ನೇನು ಬೇಕು?

ಕೆಂಪಮ್ಮನ ಗಂಡ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವನು. ಮಗಳು ಸದ್ದು ಮಾಡಿದರೆ ಎದ್ದು ಬಂದು ಬಾರಿಸುತ್ತಿದ್ದ. ಶಿಬಿರ ತಾಯಂದಿರಿಗಾದ್ದರಿಂದ ಅವನು ಆಗಲೂ ಮನೆಯಲ್ಲಿ ಮಲಗಿದ್ದ. ಕೆನ್ನೆ ಊದಿದ ಮಗು ಅವಳ ಸೆರಗು ಹಿಡಿದು ನಿಂತಿತ್ತು.

ಶಿಬಿರದ ಸಾಹೇಬರು ಕೆಮ್ಮಿದರು. “ಅದನ್ನೆಲ್ಲ ಹೋಗಿ ನೋಡಿಲ್ಲಮ್ಮ. ಆದ್ರೆ ಹೋದ ಕಡೆಯೆಲ್ಲ ಚಪ್ಪಾಳೆ ಜೋರಾಗಿ ಬಿದ್ದಿದೆ.”

“ನಿಮ್ ಮಕ್ಕಳನ್ನೂ ಇಂಗೇ ಬೆಳೆಸ್ತಿದೀರಾ?”

“ಅವು ಬನ್ನೂರಲ್ಲಿ ಅವರಜ್ಜಿ ಹತ್ರ ಬೆಳೀತಿವೆ.”

“ಅಂಗಾದ್ರೆ ಆ ಅಜ್ಜೀನೇ ಕಳ್ಸಿ ಸಾ!”

ಹೆಂಗಸರೆಲ್ಲ ಶಾಲೆ ಅದುರುವ ಹಾಗೆ ಚಪ್ಪಾಳೆ ತಟ್ಟಿದರು.

ಸಂಜೆ ನಮ್ಮ ಸಮಿತಿ ಶಿಬಿರ ಯಶಸ್ವಿ ಎಂದು ತೀರ್ಮಾನಿಸಿ, ಮುಂದಿನ ಹಳ್ಳಿಗೂ ಇದನ್ನೇ ಆರಿಸಿತು. ಚಪ್ಪಾಳೆಯನ್ನು ನಾವೇ ಕಿವಿಯಾರೆ ಕೇಳಿದ್ದೆವಲ್ಲ! ಆ ಮಗುವಿನ ಕೆನ್ನೆಯ ಊತ ಇಳಿಯಿತೋ ಇಲ್ಲವೋ ಎಂದು ಮಾತ್ರ ಯಾರೂ ಹೋಗಿ ನೋಡಲಿಲ್ಲ.