ಗೆರೆ ನೆಲ ಮುಟ್ಟುವ ಹೊತ್ತು

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಸಿಲಿಂಡರಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಆಮ್ಲಜನಕದ ಸಿಲಿಂಡರ್‌ಗಳನ್ನು ವಾರ್ಡಿನಿಂದ ವಾರ್ಡಿಗೆ ಉರುಳಿಸಿ ಸೊಂಟ ಬಿದ್ದುಹೋಗಿತ್ತು. ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಸಿಗಬೇಕಾದರೆ ಹತ್ತನೇ ತರಗತಿ ಪಾಸಾಗಬೇಕು. ಉಳಿದ ವಿಷಯಗಳನ್ನು ಹೇಗೋ ದಾಟಿದ್ದಳು. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತ್ತು.

ಸಂಜೆ ಕಾಲು ನೀಡಿ ಕೂತರೆ ಸೊಸೆ ನೋಟುಪುಸ್ತಕ ಬಿಚ್ಚುವಳು. 2x + 3y = 12. ಈ ಗೆರೆ ಎರಡು ಅಕ್ಷಗಳನ್ನು ಎಲ್ಲೆಲ್ಲಿ ಕಡಿಯುತ್ತದೆ? ಸಿಲಿಂಡರಕ್ಕ xಗೆ ಸೊನ್ನೆ ಹಾಕಿ, y ನಾಲ್ಕು ಎಂದು ಸರಿಯಾಗೇ ತೆಗೆದಳು. ಚುಕ್ಕೆಯನ್ನು ಮಾತ್ರ x ಅಕ್ಷದ ಮೇಲಿಟ್ಟಳು.

“ಮತ್ತೆ ಅಲ್ಲೇ ಎಡವಿದ್ರಿ ಅತ್ತೆ.”

“ಸೊನ್ನೆ ಹಾಕಿದ್ದು xಗೆ ತಾನೆ? ಚುಕ್ಕೆನೂ ಅದರ ಮೇಲೇ ಬರಬೇಕಲ್ವೇನೇ?”

“x ಸೊನ್ನೆ ಅಂದ್ರೆ ಪಕ್ಕಕ್ಕೆ ಒಂದು ಹೆಜ್ಜೆನೂ ಇಟ್ಟಿಲ್ಲ ಅಂತ. ನಿಂತಲ್ಲಿಂದ ನೇರ ಮೇಲಕ್ಕೆ ನಾಲ್ಕು. y ಸೊನ್ನೆ ಮಾಡಿದ್ರೆ ಹತ್ತೋ ಮಾತೇ ಇಲ್ಲ, ನೆಲದ ಮೇಲೇ ಆರು ಹೆಜ್ಜೆ.”

“ಹತ್ತೋದು ಬೇಡ ಅಂದ್ರೆ ನನಗದೇ ಸುಖ ಬಿಡು,” ಎಂದು ಮಂಡಿ ಒತ್ತಿಕೊಂಡಳು.

ಒಂದು ಬೆಳಿಗ್ಗೆ ಎಂಟಕ್ಕೆ, ಆಸ್ಪತ್ರೆಯಲ್ಲಿ ಉಳಿದಿದ್ದ ಕೊನೆಯ ಸಿಲಿಂಡರನ್ನು ಮೂಲೆ ಹಾಸಿಗೆಯ ಮುದುಕನಿಗೆ ಜೋಡಿಸಿದಾಗ ಅದರ ಒತ್ತಡ ತೋರಿಸುವ ಮುಳ್ಳು ನೂರಿಪ್ಪತ್ತರಲ್ಲಿತ್ತು. ಒಂಬತ್ತಕ್ಕೆ ನೂರು. ಹತ್ತಕ್ಕೆ ಎಂಬತ್ತು. ಹೊಸ ಸಿಲಿಂಡರ್‌ಗಳ ಗಾಡಿ ಬರುವುದು ಸಂಜೆ ನಾಲ್ಕಕ್ಕೆ. ಯಾಕೋ ಮನಸ್ಸು ತಡೆಯಲಿಲ್ಲ. ಔಷಧದ ಡಬ್ಬದ ರಟ್ಟಿನ ಮೇಲೆ ಅಡ್ಡಕ್ಕೆ ಎಂಟರಿಂದಾಚೆ ಕಳೆದ ಗಂಟೆ, ಉದ್ದಕ್ಕೆ ಮುಳ್ಳಿನ ಅಂಕಿ ಬರೆದು, ಮೂರು ಚುಕ್ಕೆ ಇಟ್ಟು ಗೆರೆ ಎಳೆದಳು. ಮೇಲೆ ನೂರಿಪ್ಪತ್ತರಿಂದ ಹೊರಟ ಗೆರೆ ಕೆಳಗಿನ ಅಕ್ಷವನ್ನು ಆರನೇ ಗಂಟೆಯಲ್ಲಿ ಕಡಿಯಿತು. ಎಂಟಕ್ಕೆ ಆರು ಕೂಡಿಸಿದಳು. ರಟ್ಟು ಹಿಡಿದು ನರ್ಸ್ ಬಳಿ ಹೋದಳು.

“ಸಿಸ್ಟರ್, ಇದು ಎರಡು ಗಂಟೆಗೇ ಖಾಲಿ.”

“ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆಯಲ್ಲಕ್ಕಾ,” ಎಂದರು ನರ್ಸ್.

“ಇದೆ. ಗಂಟೆಗೆ ಇಪ್ಪತ್ತು ಇಳೀತಿದೆ. ನೀವೇ ನೋಡಿ,” ಎಂದು ರಟ್ಟು ಮುಂದೆ ಹಿಡಿದಳು.

ನರ್ಸ್ ಒಂದು ಗಳಿಗೆ ನೋಡಿ ಫೋನೆತ್ತಿದರು. ಗಾಡಿ ಒಂದೂವರೆಗೆ ಬಂತು. ಬದಲಿಸುವಾಗ ಹಳೆಯದರ ಮುಳ್ಳು ಹತ್ತರಲ್ಲಿತ್ತು. ಮುದುಕ ಇದಾವುದೂ ತಿಳಿಯದೆ ಗೊರಕೆ ಹೊಡೆಯುತ್ತಿದ್ದ. ಖಾಲಿ ಸಿಲಿಂಡರ್‌ಗಳನ್ನು ಹೊರಗೆ ಉರುಳಿಸುವ ಕೆಲಸ ಎಂದಿನಂತೆ ಆಕೆಯ ಪಾಲಿಗೇ ಬಂತು.

ಮೂರನೇ ಸಲ ಗಣಿತದಲ್ಲಿ ಮೂವತ್ತೆಂಟು ಬಂತು. ಉಗ್ರಾಣದ ಆದೇಶ ಕೈಸೇರಲು ಮತ್ತೆ ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ದಿನ ಕುರ್ಚಿಯಲ್ಲಿ ಕೂತವಳು ಊಟದ ಹೊತ್ತಾದರೂ ಏಳಲಿಲ್ಲ. ಕರೆಯಲು ಬಂದ ನರ್ಸಿಗೆ, “ನೀವು ಹೋಗಿಬನ್ನಿ ಸಿಸ್ಟರ್, ನಾನಿನ್ನೂ ಸ್ವಲ್ಪ ಕೂತಿರ್ತೀನಿ,” ಎಂದಳು.