ಟೈಲರ್ ಆಂಟಿಗೆ ನಾನು ಆರಿಸಿಕೊಟ್ಟ ಗುಂಡು

ಹೋದ ತಿಂಗಳು ಮಗಳು ನನ್ನ ಹಳೆಯ ಹಸಿರು ರೇಷ್ಮೆ ಸೀರೆ ಉಡುತ್ತೇನೆಂದು ಹಟ ಹಿಡಿದಳು. ರವಿಕೆ ಅವಳಿಗೆ ಬಿಗಿಯಾಯಿತು. ಸಡಿಲ ಮಾಡಲಾದೀತೇ ಎಂದು ಒಳಮಗ್ಗುಲು ಮಾಡಿ ನೋಡಿದರೆ, ಎರಡೂ ಪಕ್ಕದಲ್ಲಿ ಎರಡೆರಡು ಬೆರಳಗಲ ಬಟ್ಟೆ ಒಳಗೇ ಉಳಿಸಿ, ಅದರ ಮೇಲೆ ಮೂರು ಸಾಲು ಹೊಲಿಗೆ ಹಾಕಿತ್ತು. ಬೇಕಾದಾಗ ಒಂದೊಂದೇ ಸಾಲು ಬಿಚ್ಚಿಕೊಳ್ಳಲಿ ಎಂದು. “ಇವತ್ತ ಸಣ್ಣಗ ಇದ್ದಿ, ನಾಳೆ ದಪ್ಪ ಆಗ್ತಿ ತಂಗಿ, ಬಟ್ಟಿ ಒಳಗ ಇರ್ಲಿ” ಎಂದಿದ್ದರು ಟೈಲರ್ ಆಂಟಿ. ಬ್ಲೇಡು ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು...

ಆಗ ನಾವು ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿದ್ದೆವು. ಮದುವೆಯಾಗಿ ಮೈಸೂರಿನಿಂದ ಬಂದು ಎರಡು ವರ್ಷವಾಗಿತ್ತು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಗಂಡ ಆಫೀಸಿಗೆ ಹೋದಮೇಲೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಕೂರುತ್ತಿದ್ದೆ. ಓದಿದ್ದನ್ನು ಯಾರಿಗಾದರೂ ಹೇಳಿ, ಇವಳಿಗೆ ಎಷ್ಟೆಲ್ಲ ಗೊತ್ತು ಅನ್ನಿಸಿಕೊಳ್ಳುವ ಆಸೆ ಬೇರೆ.

ನನ್ನ ಮಾತನ್ನು ಪೂರ್ತಿ ನಂಬಿ ಕೇಳುತ್ತಿದ್ದವರು ಆಂಟಿ ಒಬ್ಬರೇ. ಧಾರವಾಡದವರು, ಐವತ್ತೈದು ದಾಟಿದ್ದವರು. ಗಂಡ ತೀರಿಕೊಂಡ ಮೇಲೆ ಇಂಡಿಯನ್ ಅಂಗಡಿಗಳ ಸಾಲಿನಲ್ಲಿ ಒಂದು ಚಿಕ್ಕ ಮಳಿಗೆ ಹಿಡಿದು ರವಿಕೆ ಹೊಲಿಯುತ್ತಿದ್ದರು. ಊರಿನ ಅರ್ಧ ಇಂಡಿಯನ್ ಹೆಂಗಸರ ಅಳತೆ ಅವರ ನೋಟ್‌ಬುಕ್ಕಿನಲ್ಲಿತ್ತು. ಇಂಗ್ಲಿಷ್ ಅಷ್ಟಕ್ಕಷ್ಟೆ, ಅದರಲ್ಲೂ ಟೆಕ್ಸಸ್‌ನವರ ಎಳೆದೆಳೆದು ಆಡುವ ಮಾತು ಅವರಿಗೆ ಅರ್ಥವಾಗುತ್ತಲೇ ಇರಲಿಲ್ಲ. ಬ್ಯಾಂಕು, ಡಾಕ್ಟರು, ಎಲ್ಲಿಗೆ ಹೋಗಬೇಕಾದರೂ ನನ್ನನ್ನು ಜೊತೆಗೆ ಕರೆಯುತ್ತಿದ್ದರು.

ಒಂದು ಮಧ್ಯಾಹ್ನ ಗಿರಾಕಿಯಂತೆ ಒಳಗೆ ಬಂದವನೊಬ್ಬ ಚಾಕು ತೋರಿಸಿ ಅವರ ಎರಡು ಬಂಗಾರದ ಬಳೆ ಕಳಚಿಕೊಂಡು ಹೋದ. ಆಂಟಿ ಅಳಲಿಲ್ಲ. ನಾಲ್ಕು ದಿನ ಅಂಗಡಿ ಮುಚ್ಚಿ ಮನೆಯಲ್ಲಿದ್ದರು. ಐದನೆಯ ದಿನ ಫೋನ್ ಮಾಡಿ, “ತಂಗಿ, ಪಿಸ್ತೂಲ್ ತಗೋಬೇಕು. ನನ್ನ ಜೋಡಿ ಬಾ” ಎಂದರು. ಅವರು ಇಲ್ಲಿನ ಸಿಟಿಜನ್ ಆಗಿದ್ದರು, ಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ.

ನಾನು ಮೂರು ದಿನ ಕೂತು ಓದಿದೆ. ಆಂಟಿಯ ಕೈಯಲ್ಲಿ ಹಿಡಿಯುವಂಥ, ಏಪ್ರನ್ ಜೇಬಿನಲ್ಲಿ ಕೂರುವಂಥ ಪುಟ್ಟ ಪಿಸ್ತೂಲು ಯಾವುದು, ಅದಕ್ಕೆ ಯಾವ ಗುಂಡು ಒಳ್ಳೆಯದು ಎಂದೆಲ್ಲ. ಹಾಲೋ ಪಾಯಿಂಟ್ ಎಂಬ ಗುಂಡಿನ ಮೇಲೆ ನನ್ನ ಮನಸ್ಸು ನಿಂತಿತು. ಅದರ ತುದಿಯಲ್ಲಿ ಒಂದು ಕುಳಿ ಇರುತ್ತದೆ; ಮೈಗೆ ತಾಗಿದ ಕೂಡಲೇ ಅರಳಿ ಅಲ್ಲೇ ನಿಲ್ಲುತ್ತದೆ, ಆಚೆ ಹೋಗಿ ಇನ್ನೊಬ್ಬರಿಗೆ ತಗಲುವುದಿಲ್ಲ ಎಂದು ಬರೆದಿದ್ದರು. ದಾರಿಯುದ್ದಕ್ಕೂ ಆಂಟಿಗೆ ಇದನ್ನೇ ಹೇಳಿದೆ. “ಪಕ್ಕದ ಅಂಗಡೀಲಿ ಜನ ಇರ್ತಾರಲ್ಲ ಆಂಟಿ, ಮಾಮೂಲಿ ಗುಂಡು ಗೋಡೆ ತೂರಿ ಹೋಗಿಬಿಡತ್ತೆ.” ಅವರು ಸ್ಟೀರಿಂಗ್ ಹಿಡಿದೇ, “ಎಷ್ಟ್ ಓದೀವಾ ನೀ!” ಎಂದು ಮೆಚ್ಚಿಕೊಂಡರು.

ಗನ್ ಅಂಗಡಿಯವನು ಎಪ್ಪತ್ತರ ಆಸುಪಾಸಿನ ಮುದುಕ. ಆಂಟಿ ಆರಿಸಿದ ಥರ್ಟಿಟೂ ಕ್ಯಾಲಿಬರಿನ ಪಿಸ್ತೂಲನ್ನು ಗಾಜಿನ ಮೇಲಿಟ್ಟ. ನಾನು ಗುಂಡಿನ ಹೆಸರು ಹೇಳಿದಾಗ ಬೇಡವೆಂದು ತಲೆಯಾಡಿಸಿದ. ಇಷ್ಟು ಸಣ್ಣ ಪಿಸ್ತೂಲಿನಲ್ಲಿ ಗುಂಡಿಗೆ ಅಷ್ಟು ವೇಗವಿರುವುದಿಲ್ಲ, ಕುಳಿ ಅರಳುವುದೇ ಅನುಮಾನ ಎಂದ. ಅದಕ್ಕಿಂತ ಮುಖ್ಯವಾಗಿ, ಈ ಗುಂಡು ಉದ್ದದಲ್ಲಿ ಸ್ವಲ್ಪ ಗಿಡ್ಡ. ಈ ಪಿಸ್ತೂಲಿನೊಳಗೆ ಗುಂಡುಗಳು ಒಂದಕ್ಕೊಂದು ಸಿಕ್ಕಿಕೊಂಡದ್ದನ್ನು ತಾನೇ ನೋಡಿದ್ದೇನೆ ಎಂದ. ದುಂಡು ಮೂತಿಯ ಮಾಮೂಲಿ ಗುಂಡೇ ವಾಸಿ. ಇದೇ ಬೇಕೆಂದರೆ ಮೊದಲು ಐವತ್ತು ಹಾರಿಸಿ ನೋಡಲಿ, ಒಂದೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ನಂಬಲಿ... ನಿಧಾನವಾಗಿ, ಆಂಟಿಯ ಮುಖ ನೋಡಿಕೊಂಡೇ ಹೇಳಿದ.

“ಏನಂದಾ ಅಂವಾ?” ಎಂದು ಆಂಟಿ ನನ್ನ ಕಡೆ ತಿರುಗಿದರು.

ಆ ಗಳಿಗೆಯನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಮುದುಕ ನನ್ನನ್ನು ‘ಯಂಗ್ ಲೇಡಿ’ ಎಂದು ಕರೆದದ್ದು ನನಗೆ ಚುಚ್ಚಿತ್ತು. ಅದಕ್ಕಿಂತ ಹೆಚ್ಚಾಗಿ, ದಾರಿಯುದ್ದಕ್ಕೂ ಆಡಿದ ಮಾತೆಲ್ಲ ಅರೆಬರೆ ತಿಳಿವಳಿಕೆ ಎಂದು ಆಂಟಿಯ ಮುಂದೆ ಒಪ್ಪಿಕೊಳ್ಳಬೇಕಾಗಿತ್ತು. ನಾನು, “ಎರಡೂ ನಡೆಯತ್ತಂತೆ ಆಂಟಿ. ನಾವಂದುಕೊಂಡಿದ್ದೇ ತಗೊಳ್ಳೋಣ” ಎಂದೆ.

“ಆತು. ನೀ ಹೇಳಿದ್ದ ಖರೆ.”

ಮುದುಕ ನಮ್ಮಿಬ್ಬರನ್ನೂ ನೋಡಿ, ನಾನು ಕೇಳಿದ ಗುಂಡಿನ ಡಬ್ಬಿ ತೆಗೆದು ಪಿಸ್ತೂಲಿನ ಪಕ್ಕಕ್ಕಿಟ್ಟ.

ಮುಂದಿನ ಶನಿವಾರ ಗುಂಡು ಹಾರಿಸುವುದನ್ನು ಕಲಿಸುವ ರೇಂಜಿಗೆ ಹೋದೆವು. ಅಭ್ಯಾಸಕ್ಕೆ ಅಲ್ಲಿನವರು ದುಂಡು ಮೂತಿಯ ಗುಂಡನ್ನೇ ಕೊಟ್ಟರು. ಆಂಟಿ ಸೂಜಿಗೆ ದಾರ ಪೋಣಿಸುವವರಂತೆ ಒಂದು ಕಣ್ಣು ಮುಚ್ಚಿ ಗುರಿ ಹಿಡಿದರು. ಒಂದು ಗುಂಡೂ ಸಿಕ್ಕಿಕೊಳ್ಳಲಿಲ್ಲ. ನಾನು ಆರಿಸಿದ ಗುಂಡಿನ ಡಬ್ಬಿ ನನ್ನ ಮಡಿಲಿನ ಚೀಲದಲ್ಲೇ ಇತ್ತು. ತೆಗೆದು ಕೊಡಬಹುದಿತ್ತು. ಅಲ್ಲೇ ಸಿಕ್ಕಿಕೊಂಡರೆ, ಮುದುಕ ನಿಜವಾಗಿ ಏನು ಹೇಳಿದ್ದ ಎಂದು ಆಂಟಿ ಕೇಳುತ್ತಾರೆಂಬ ಹೆದರಿಕೆ. ಮನೆಗೆ ಬಂದು ಡಬ್ಬಿ ಅವರ ಕೈಗಿಟ್ಟೆ. ಹೊಸ ಸೂಜಿ ಹಾಕಿದರೆ ಮೊದಲು ಚಿಂದಿಯ ಮೇಲೆ ಹೊಲಿದು ನೋಡದೆ ಗಿರಾಕಿಯ ಬಟ್ಟೆ ಮುಟ್ಟದ ಹೆಂಗಸು ಅವರು. ಒಂದು ಮಾತು ಹೇಳಿದ್ದರೆ ಅವರಿಗೆ ತಕ್ಷಣ ತಿಳಿಯುತ್ತಿತ್ತು.

ಆರೇಳು ತಿಂಗಳು ಏನೂ ಆಗಲಿಲ್ಲ. ದೀಪಾವಳಿಗೆ ಮುಂಚಿನ ವಾರ, ಹೊಲಿದಿಟ್ಟ ರವಿಕೆಗಳು ಸಾಲಾಗಿ ತೂಗಾಡುತ್ತಿದ್ದ ಅಂಗಡಿಗೆ ಮಧ್ಯಾಹ್ನ ಅದೇ ಮನುಷ್ಯ ಮತ್ತೆ ಬಂದ. ಆಂಟಿ ಪಿಸ್ತೂಲು ತೆಗೆದರು. ಮೊದಲ ಗುಂಡು ಅವನಿಗೆ ತಪ್ಪಿ ಟ್ರಯಲ್ ರೂಮಿನ ಕನ್ನಡಿಗೆ ಬಡಿಯಿತು. ಎರಡನೆಯದು ಬರಲೇ ಇಲ್ಲ. ಅವನು ಪಿಸ್ತೂಲು ಕಿತ್ತುಕೊಂಡು, ಅವರ ಬಲಗೈಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಅದರಿಂದಲೇ ಜಜ್ಜಿದ.

ಆಸ್ಪತ್ರೆಯಲ್ಲಿ ಪೊಲೀಸಿನವನೊಬ್ಬ ನನಗೇ ಹೇಳಿದ, ಆಂಟಿಗೆ ಅನುವಾದಿಸಿ ಹೇಳು ಎಂದು. ಎರಡನೆಯ ಗುಂಡು ಒಳಗೆ ಸಿಕ್ಕಿಕೊಂಡಿತ್ತು. ಇಂಥ ಗುಂಡಿಗೆ ಇದು ಆಗುವುದುಂಟು, ಹಾರಿಸಿ ನೋಡಬೇಕಿತ್ತು. ನಾನು ಆಂಟಿಗೆ, “ಗುಂಡು ಸಿಕ್ಕಿಕೊಂಡು ಪಿಸ್ತೂಲು ಕೈಕೊಡ್ತಂತೆ” ಎಂದಷ್ಟೇ ಹೇಳಿದೆ. ಎರಡನೆಯ ಸಲವೂ ಉಳಿದ ಮಾತನ್ನು ನುಂಗಿದೆ.

ಎರಡು ಆಪರೇಷನ್ ಆದರೂ ಆ ಕೈಯ ಬೆರಳುಗಳು ಪೂರ್ತಿ ಮಡಚಲಿಲ್ಲ. ಕತ್ತರಿ ಹಿಡಿಯಲಾಗದೆ ಅಂಗಡಿ ಮುಚ್ಚಿದರು. ಡಲ್ಲಾಸ್ ಹತ್ತಿರ ಲೂಯಿಸ್‌ವಿಲ್ಲಿನಲ್ಲಿದ್ದ ಅವರ ಒಡಹುಟ್ಟಿದ ತಂಗಿ ಬಂದು ಕರೆದುಕೊಂಡು ಹೋದರು.

ಮರುವರ್ಷ ನಾನು ಒಬ್ಬಳೇ ಲೂಯಿಸ್‌ವಿಲ್ಲಿಗೆ ಡ್ರೈವ್ ಮಾಡಿಕೊಂಡು ಹೋದೆ, ಎಲ್ಲ ಹೇಳಿಬಿಡಬೇಕೆಂದು. ನಾಲ್ಕು ತಾಸೂ ಮಾತು ಜೋಡಿಸುತ್ತಲೇ ಇದ್ದೆ. ಆಂಟಿ ಎಡಗೈಯಲ್ಲಿ ಚಹಾ ಸೋಸಿ ಕೊಟ್ಟರು. ಕಪ್ಪಿನ ಸುತ್ತ ಚೆಲ್ಲಿತು. “ಆಂಟಿ, ಆ ಗುಂಡಿನ ವಿಷಯ...” ಎಂದು ಶುರು ಮಾಡಿದೆ.

ಅವರು ನನ್ನ ಮಾತು ತಡೆದರು. “ನಾನೂ ಅದನ್ನ ಹೇಳಬೇಕಂತಿದ್ದೆ ನೋಡು. ಛಲೋ ಆತು ಅದು ಸಿಕ್ಕೊಂಡಿದ್ದು. ಇಲ್ಲಾಂದ್ರ ಒಬ್ಬನ ಜೀವ ನನ್ನ ಕೈಯಾಗ ಹೋಗ್ತಿತ್ತು. ಅವನ್ನ ಹಡದಾಕಿ ಎಲ್ಲೋ ಇರ್ತಾಳಲ್ಲ? ನೀ ಆರಿಸಿದ ಗುಂಡು, ನಿನ್ನ ಕೈಗುಣ ಛಲೋ ಐತಿ ತಂಗಿ.”

ಅವರು ನಿಜಕ್ಕೂ ಹಾಗೆ ನಂಬಿದ್ದರೋ, ನನ್ನ ಮುಖ ನೋಡಿ ಹೇಳಿದರೋ... ನನಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಸಿಕ್ಕಿದ ಕ್ಷಮೆಯನ್ನು, ಅದು ಕ್ಷಮೆಯೇ ಅಲ್ಲದಿದ್ದರೂ, ಹಾಗೇ ಎತ್ತಿಕೊಂಡು ಹೊರಟುಬಂದೆ.

ನಾವು ಆಸ್ಟಿನ್ನಿಗೆ ಶಿಫ್ಟ್ ಆದೆವು. ಮಗಳು ಹುಟ್ಟಿದಳು. ಯುಗಾದಿಗೊಂದು, ದೀಪಾವಳಿಗೊಂದು ಫೋನು. ಆಮೇಲೆ ಅದೂ ನಿಂತಿತು. ಆಂಟಿ ಹೋಗಿ ಎಂಟು ತಿಂಗಳಾದ ಮೇಲೆ, ಮದುವೆಯೊಂದರಲ್ಲಿ ಸಿಕ್ಕ ಅವರ ತಂಗಿಯಿಂದ ಸುದ್ದಿ ತಿಳಿಯಿತು. ನಿದ್ದೆಯಲ್ಲೇ ಹೋದರಂತೆ. “ಬ್ಯಾಂಕಿನ್ಯಾಗ, ದವಾಖಾನ್ಯಾಗ ನಾ ಏನರ ಹೇಳಿದ್ರ, ಅಕ್ಕ ‘ಬರೋಬ್ಬರಿ ಹೇಳಾಕಿ ಅಂದ್ರ ಆಕೀನ’ ಅಂತ ನಿಮ್ಮನ್ನ ನೆನಸ್ತಿದ್ದಳ್ರಿ” ಎಂದರು ಆ ತಂಗಿ.

ಅವರ ಎದುರಿಗೂ ನಾನು ತಲೆಯಾಡಿಸಿದೆ ಅಷ್ಟೆ. ಈಗ ಬರೆಯುತ್ತಿದ್ದೇನೆ, ಕೇಳಬೇಕಾದವರು ಇಲ್ಲದಿರುವಾಗ. ಆಂಟಿ, ಆ ಮುದುಕ ಹೇಳಿದ್ದು ಬೇರೆ ಇತ್ತು.